ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಬಂದ ಮುತ್ತಜ್ಜನ ಊರು ಹುಡುಕುವ ಬಗೆ

"ಹಾನ್ಸ್ ಜೆನ್ಸೆನ್, ಹುಟ್ಟಿದ್ದು 1858, ಡೆನ್ಮಾರ್ಕ್." ಇಷ್ಟನ್ನೇ ಯಾವುದಾದರೂ ವಂಶಾವಳಿ ತಾಣದಲ್ಲಿ ಟೈಪ್ ಮಾಡಿ ನೋಡಿ, ಪುಟಗಟ್ಟಲೆ ಹಾನ್ಸ್ ಜೆನ್ಸೆನ್‌ಗಳು ಬಂದು ನಿಲ್ಲುತ್ತಾರೆ. ಅವರಲ್ಲಿ ವಯಸ್ಸು ಹೊಂದುವ ಒಬ್ಬನನ್ನು ಹಿಡಿದು ಅವನ ಅಪ್ಪ, ಅಪ್ಪನ ಅಪ್ಪ ಎಂದು ಏಳು ತಲೆಮಾರು ಹತ್ತಿಬಿಡುವವರು ಬಹಳ ಮಂದಿ. ವಂಶವೃಕ್ಷವೇನೋ ಸೊಂಪಾಗಿ ಬೆಳೆದಿರುತ್ತದೆ, ಆದರೆ ಇನ್ಯಾರದೋ ಹಿತ್ತಿಲಲ್ಲಿ.

ಡೆನ್ಮಾರ್ಕಿನ ದಾಖಲೆಗಳಲ್ಲಿ ಹೆಸರನ್ನು ನಂಬಿಕೊಂಡು ಹೊರಡುವ ಹಾಗಿಲ್ಲ. ಬೇಕಾದದ್ದು ಎರಡು: ಹುಟ್ಟಿದ ತಾರೀಖು ಮತ್ತು ಹುಟ್ಟಿದ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ. ಈ ಎರಡು ಕೈಗೆ ಸಿಕ್ಕಿದರೆ ಮುಂದಿನ ಕೆಲಸ ಒಂದು ಸಂಜೆಯಲ್ಲಿ ಮುಗಿಯಬಹುದು. ಸಿಗದಿದ್ದರೆ ವರ್ಷಗಟ್ಟಲೆ ಹುಡುಕಿದರೂ ಇದ್ದಲ್ಲೇ ಸುತ್ತುತ್ತೀರಿ. ಹಾಗಾಗಿ ಮೊದಲ ಮುಕ್ಕಾಲು ಪಾಲು ಕೆಲಸ ನಡೆಯುವುದು ಡೆನ್ಮಾರ್ಕಿನಲ್ಲಲ್ಲ, ಅಮೆರಿಕದ ದಾಖಲೆಗಳಲ್ಲಿ. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಿಗೆ ಸೊಸೆಯ ಕಡೆಯಿಂದಲೋ ಅಳಿಯನ ಕಡೆಯಿಂದಲೋ ಈ ಹುಡುಕಾಟ ಬಂದು ಸೇರುತ್ತದೆ. ಮಗುವಿನ ಶಾಲೆಯ ಪ್ರಾಜೆಕ್ಟಿನಲ್ಲಿ ಒಂದು ಕೊಂಬೆ ಹಾಸನಕ್ಕೆ ಹೋದರೆ ಇನ್ನೊಂದು ಐಯೋವಾ ದಾಟಿ ಡೆನ್ಮಾರ್ಕಿಗೆ ಹೋಗುತ್ತದೆ.

ಒಂದು ಮಾತು ಮೊದಲೇ: ಇಲ್ಲಿ ಡೇನಿಷ್ ಪದಗಳನ್ನು ಹೆಚ್ಚಾಗಿ ಉಚ್ಚಾರಕ್ಕೆ ತಕ್ಕಂತೆ ಬರೆದಿಲ್ಲ, ಅಕ್ಷರಕ್ಕೆ ತಕ್ಕಂತೆ ಬರೆದಿದೆ. ನೀವು ಅವನ್ನು ಹುಡುಕುವ ಪೆಟ್ಟಿಗೆಯಲ್ಲಿ ಟೈಪ್ ಮಾಡಬೇಕಲ್ಲ, ಅದಕ್ಕೆ.

ಅಪ್ಪನ ಹೆಸರೇ ಮನೆತನದ ಹೆಸರು

ಪಾಸ್‌ಪೋರ್ಟ್ ಅರ್ಜಿಯ 'ಸರ್‌ನೇಮ್' ಖಾನೆಯಲ್ಲಿ ಅಪ್ಪನ ಹೆಸರು ಬರೆದವರಿಗೆ ಡೇನಿಷ್ ಪದ್ಧತಿ ಹೊಸದೆನಿಸದು. ಹಾನ್ಸನ ಮಗ ಜೆನ್ಸ್ ಆದರೆ ಅವನು ಜೆನ್ಸ್ ಹಾನ್ಸೆನ್. ಜೆನ್ಸನ ಮಗ ಪೇಡರ್ ಆದರೆ ಪೇಡರ್ ಜೆನ್ಸೆನ್. ಮಗಳು ಮಾರೆನ್ ಆದರೆ ಮಾರೆನ್ ಜೆನ್ಸ್‌ಡಾಟರ್. ಮದುವೆಯಾದರೂ ಹಳೆಯ ದಾಖಲೆಗಳಲ್ಲಿ ಹೆಂಗಸಿನ ಹೆಸರು ಬದಲಾಗುವುದಿಲ್ಲ. ಇದು ವರ, ತಾಯಿಯ ಕಡೆಯನ್ನೂ ಸಲೀಸಾಗಿ ಹಿಡಿಯಬಹುದು.

1828ರಲ್ಲಿ ಸರಕಾರ ಒಂದು ಆಜ್ಞೆ ಹೊರಡಿಸಿತು: ದೀಕ್ಷಾಸ್ನಾನದ ವೇಳೆ ಮಗುವಿಗೆ ಸ್ವಂತ ಹೆಸರಿನ ಜೊತೆಗೆ ಮನೆತನದ ಹೆಸರನ್ನೂ ಬರೆಸಬೇಕು. ಹಳ್ಳಿಗಳು ಇದನ್ನು ಕೂಡಲೇ ಒಪ್ಪಲಿಲ್ಲ. ಒಂದೇ ಮನೆಯಲ್ಲಿ ಅಣ್ಣ ಹಳೆ ರೀತಿಯಲ್ಲಿ ಜೆನ್ಸೆನ್, ತಮ್ಮ ಹೊಸ ರೀತಿಯಲ್ಲಿ ತಾತನ ಹೆಸರು ಹೊತ್ತ ಹಾನ್ಸೆನ್. ಒಬ್ಬನೇ ಮನುಷ್ಯ ದೀಕ್ಷಾಸ್ನಾನದಲ್ಲಿ ಒಂದು, ಹಡಗು ಹತ್ತುವಾಗ ಇನ್ನೊಂದು ಹೆಸರು ಹೇಳಿರುವುದೂ ಉಂಟು. ಆದ್ದರಿಂದ 1830ರಿಂದ 1880ರ ನಡುವೆ ಹುಟ್ಟಿದವರನ್ನು ಹುಡುಕುವಾಗ ಎರಡೂ ಹೆಸರಿನಲ್ಲಿ ಹುಡುಕಿ. ಡಾಟರ್ ಎಂಬ ಕೊನೆ ಇರುವವಳನ್ನು ಸೆನ್ ಎಂದು ಬದಲಿಸಿಯೂ ಹುಡುಕಿ.

ಅಮೆರಿಕಕ್ಕೆ ಬಂದ ಮೇಲೆ ಇನ್ನೊಂದು ಸುತ್ತು ಬದಲಾವಣೆ. ಜೆನ್ಸ್ ಜೇಮ್ಸ್ ಆಗುತ್ತಾನೆ, ಯೋರ್ಗನ್ ಜಾರ್ಜ್, ಆಂಡರ್ಸ್ ಆಂಡ್ರ್ಯೂ, ನೀಲ್ಸ್ ನೆಲ್ಸ್, ಲಾರ್ಸ್ ಲೂಯಿಸ್, ಮಾರೆನ್ ಮೇರಿ, ಕಿರ್ಸ್ಟನ್ ಕ್ರಿಸ್ಟೀನ್. ಮೊಲ್ಲರ್ ಮಿಲ್ಲರ್ ಆಗುತ್ತಾನೆ. ಊರಲ್ಲಿ ನಾಲ್ಕು ಪೀಟರ್ ಜೆನ್ಸೆನ್‌ಗಳಿದ್ದರೆ ಪೋಸ್ಟ್‌ಮ್ಯಾನ್ ಕಾಟ ತಾಳದೆ ಒಬ್ಬ ತನ್ನ ಹುಟ್ಟೂರಿನ ಹೆಸರನ್ನೇ ಹಾಕಿಕೊಂಡುಬಿಡುತ್ತಾನೆ. ಮನೆತನದ ಹೆಸರು ಸೆನ್ ಎಂದು ಮುಗಿಯದೆ ಹೋಲ್ಮ್, ಬ್ಯೆರ್ರೆ ಅಂತ ಇದ್ದರೆ ಸಂತೋಷಪಡಿ, ಊರಿನ ಸುಳಿವು ಅದರಲ್ಲೇ ಅಡಗಿರಬಹುದು.

ಅಮೆರಿಕದ ದಾಖಲೆಗಳಲ್ಲಿ ಏನು, ಎಲ್ಲಿ

ಮೊದಲು ಅಟ್ಟ ಹುಡುಕಿ. ಹಳೆಯ ಬೈಬಲ್ಲಿನ ಮೊದಲ ಹಾಳೆ, ಕಾಗದಗಳು, ಫೋಟೋ. ದಪ್ಪ ರಟ್ಟಿಗೆ ಅಂಟಿಸಿದ ಫೋಟೋಗಳ ಹಿಂದೆ ಸ್ಟುಡಿಯೋದ ಹೆಸರು, ಪಟ್ಟಣದ ಹೆಸರು ಅಚ್ಚಾಗಿರುತ್ತದೆ. ಜನ ಸಾಮಾನ್ಯವಾಗಿ ಹತ್ತಿರದ ಪೇಟೆಗೇ ಹೋಗಿ ಫೋಟೋ ತೆಗೆಸುತ್ತಿದ್ದರು.

ಎಲ್ಲಕ್ಕಿಂತ ಬೆಲೆಯುಳ್ಳದ್ದು ಸ್ಕುಡ್ಸ್‌ಮೋಲ್ಸ್‌ಬೋಗ್ ಎಂಬ ಪುಟ್ಟ ಪುಸ್ತಕ. 1832ರಿಂದ ಆಳು-ಕಾಳಾಗಿ ದುಡಿಯುವ ಪ್ರತಿಯೊಬ್ಬರೂ ಇದನ್ನು ಇಟ್ಟುಕೊಳ್ಳಬೇಕಿತ್ತು. ಮೊದಲ ಪುಟದಲ್ಲಿ ಪಾದ್ರಿಯ ಕೈಬರಹದಲ್ಲಿ ಹೆಸರು, ಹುಟ್ಟು, ದೃಢೀಕರಣದ (ಹದಿಹರೆಯದಲ್ಲಿ ಚರ್ಚಿನಲ್ಲಿ ನಂಬಿಕೆಯನ್ನು ಖಚಿತಪಡಿಸುವ ವಿಧಿ) ವಿವರ. ಆಮೇಲಿನ ಪುಟಗಳಲ್ಲಿ ಯಾವ ಮನೆಯಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಕೆಲಸ, ಯಾವ ಪ್ಯಾರಿಷ್ ಬಿಟ್ಟು ಯಾವುದಕ್ಕೆ ಹೋದದ್ದು. ವಲಸೆ ಹೋದವರು ಎಷ್ಟೋ ಸಾಮಾನು ಬಿಟ್ಟರೂ ಇದನ್ನು ಪೆಟ್ಟಿಗೆಗೆ ಹಾಕಿಕೊಳ್ಳುತ್ತಿದ್ದರು. ಮೊಮ್ಮಕ್ಕಳು ಓದಲಾಗದೆ 'ಏನೋ ಹಳೇ ಪ್ರಾರ್ಥನೆ ಪುಸ್ತಕ' ಎಂದು ಮೂಲೆಗೆ ಹಾಕಿರುತ್ತಾರೆ. ಅಜ್ಜಿಯ ಟ್ರಂಕಿನಲ್ಲಿ ಅಂಥದ್ದು ಸಿಕ್ಕರೆ ಈ ಲೇಖನದ ಅರ್ಧ ನಿಮಗೆ ಬೇಕಿಲ್ಲ.

ಅದಿಲ್ಲದವರು ಜನಗಣತಿಯಿಂದ ಶುರು ಮಾಡಿ. 1900ರ ಗಣತಿಯಲ್ಲಿ ಹುಟ್ಟಿದ ತಿಂಗಳು, ವರ್ಷ, ದೇಶಕ್ಕೆ ಬಂದ ವರ್ಷ, ಪೌರತ್ವದ ಸ್ಥಿತಿ ಎಲ್ಲವೂ ಇವೆ. ಬಂದ ವರ್ಷ ಒಂದೆರಡು ವರ್ಷ ಆಚೀಚೆ ಇರುತ್ತದೆ, ಅದನ್ನು ಕಲ್ಲಿನ ಬರಹ ಎಂದುಕೊಳ್ಳಬೇಡಿ. 1910, 1920ರ ಗಣತಿಗಳನ್ನೂ ಪಕ್ಕಕ್ಕಿಟ್ಟು ಹೋಲಿಸಿ. 1920ರದ್ದರಲ್ಲಿ ಪೌರತ್ವ ಸಿಕ್ಕ ವರ್ಷವೂ ಉಂಟು. 1890ರ ಗಣತಿ 1921ರ ಬೆಂಕಿಯ ಅನಾಹುತದಲ್ಲಿ ಬಹುಪಾಲು ಹೋಯಿತು, ಅದಕ್ಕಾಗಿ ಕಾಯಬೇಡಿ.

ಪೌರತ್ವದ ಕಾಗದಗಳಲ್ಲಿ 1906ರ ಸೆಪ್ಟೆಂಬರ್ 27 ಒಂದು ಗೆರೆ. ಅದಕ್ಕಿಂತ ಮುಂಚೆ ಹೆಚ್ಚಿನ ಕೋರ್ಟುಗಳು 'ಡೆನ್ಮಾರ್ಕಿನ ರಾಜನ ನಿಷ್ಠೆ ತ್ಯಜಿಸಿದ್ದೇನೆ' ಎಂದು ಬರೆಸಿ ಕೈ ತೊಳೆದುಕೊಂಡವು. ಆ ದಿನದಿಂದ ಮುಂದಿನ ಅರ್ಜಿಗಳಲ್ಲಿ ಹುಟ್ಟಿದ ದಿನ, ಊರು, ಹಡಗು, ಬಂದಿಳಿದ ತಾರೀಖು ಎಲ್ಲ ಸಿಗುತ್ತವೆ. 1922ರವರೆಗೆ ಹೆಂಡತಿಗೆ ಗಂಡನ ಪೌರತ್ವವೇ ಬರುತ್ತಿದ್ದುದರಿಂದ ಅವಳ ಹೆಸರಿನಲ್ಲಿ ಪ್ರತ್ಯೇಕ ಕಾಗದ ಇರುವುದು ಅಪರೂಪ. ಸಾಗುವಳಿ ಮಾಡುವವರಿಗೆ ಸರಕಾರಿ ಜಮೀನು ಕೊಡುವ 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಜಮೀನು ಪಡೆದಿದ್ದರೆ ಆ ಫೈಲನ್ನು ನ್ಯಾಷನಲ್ ಆರ್ಕೈವ್ಸ್‌ನಿಂದ ತರಿಸಿ. ಜಮೀನು ಖಾಯಂ ಆಗಲು ಪೌರತ್ವದ ದಾಖಲೆ ಕೊಡಲೇಬೇಕಿತ್ತು, ಅದು ಒಳಗೇ ಇರುತ್ತದೆ.

ಹುಟ್ಟಿದ ಪ್ಯಾರಿಷ್ ಸಿಗುವ ಸಂಭವ ಹೆಚ್ಚಿರುವುದು ಅಮೆರಿಕದಲ್ಲಿದ್ದ ಡೇನಿಷ್ ಲುಥೆರನ್ ಚರ್ಚುಗಳ ರಿಜಿಸ್ಟರಿನಲ್ಲಿ. ಪಾದ್ರಿಗಳು ತಾಯ್ನಾಡಿನ ಅಭ್ಯಾಸವನ್ನೇ ಮುಂದುವರಿಸಿ ಸದಸ್ಯರ ಹುಟ್ಟಿದ ದಿನ, ಸ್ಥಳ ಬರೆದಿಟ್ಟರು. ಐಯೋವಾದ ಎಲ್ಕ್ ಹಾರ್ನ್, ಕಿಂಬಲ್‌ಟನ್, ವಿಸ್ಕಾನ್ಸಿನ್‌ನ ರಸೀನ್, ನೆಬ್ರಾಸ್ಕದ ಡ್ಯಾನೆಬ್ರಾಗ್ ಮುಂತಾದ ಕಡೆ ನೆಲೆಸಿದ್ದರೆ ಇದನ್ನೇ ಮೊದಲು ನೋಡಿ. ಎಲ್ಕ್ ಹಾರ್ನ್‌ನಲ್ಲಿ ಮ್ಯೂಸಿಯಂ ಆಫ್ ಡೇನಿಷ್ ಅಮೆರಿಕ ಇದೆ, ನೆಬ್ರಾಸ್ಕದ ಬ್ಲೇರ್‌ನಲ್ಲಿ ಡೇನಿಷ್ ಅಮೆರಿಕನ್ ಆರ್ಕೈವ್ ಇದೆ. ಡೇನರೆಲ್ಲ ಲುಥೆರನ್ ಚರ್ಚಿಗೇ ಹೋದರು ಎಂದೇನಿಲ್ಲ. ಹತ್ತಿರ ಡೇನಿಷ್ ಚರ್ಚ್ ಇಲ್ಲದ ಕಡೆ ನಾರ್ವೇಜಿಯನ್ ಚರ್ಚಿಗೆ ಸೇರಿದರು. ಯೂಟಾದ ಮನೆತನವಾದರೆ ಮಾರ್ಮನ್ ಎಂಬ ಧಾರ್ಮಿಕ ಪಂಥದ ದಾಖಲೆಗಳೇ ಗತಿ: ಅವರ ಧರ್ಮಪ್ರಚಾರಕರು ಡೆನ್ಮಾರ್ಕಿಗೆ ಕಾಲಿಟ್ಟದ್ದು 1850ರಲ್ಲಿ, ಅಲ್ಲಿಂದ ಕರೆತಂದ ಗುಂಪುಗಳ ಪಟ್ಟಿಯನ್ನು ಜೋಪಾನವಾಗಿಟ್ಟಿದ್ದಾರೆ.

ಮರಣ ಪ್ರಮಾಣಪತ್ರದಲ್ಲಿರುವ ತಂದೆತಾಯಿಯ ಹೆಸರನ್ನು ಅನುಮಾನದಿಂದಲೇ ಓದಿ. ಹೇಳಿದವನು ಅಳಿಯನೋ ಮೊಮ್ಮಗನೋ ಆಗಿರುತ್ತಾನೆ, ಸತ್ತವರು ಬಂದು ತಿದ್ದುವುದಿಲ್ಲ. ಡೇನಿಷ್ ಪತ್ರಿಕೆಗಳ ಮರಣವಾರ್ತೆಗಳು ಇದಕ್ಕಿಂತ ಮೇಲು. ಒಮಾಹಾದಲ್ಲಿ 1872ರಲ್ಲಿ ಶುರುವಾದ ಡೆನ್ ಡಾನ್ಸ್ಕೆ ಪಿಯೋನಿಯರ್ ಅಂಥದ್ದೊಂದು. ನಿಮ್ಮವರ ಬಗ್ಗೆ ಏನೂ ಸಿಗದಿದ್ದರೆ ಅವರ ಅಣ್ಣ, ತಂಗಿ, ಪಕ್ಕದ ಜಮೀನಿನವರನ್ನು ಹುಡುಕಿ. ಒಬ್ಬ ಬಂದು ಕಾಗದ ಬರೆದ ಮೇಲೆ ಅದೇ ಊರಿನ ಹತ್ತು ಜನ ಬರುತ್ತಿದ್ದರು.

ಹಡಗು ಹತ್ತಿದ ದಾಖಲೆ

ಮೋಸ ಹೋಗುತ್ತಿದ್ದ ವಲಸಿಗರ ರಕ್ಷಣೆಗೆ 1868ರಲ್ಲಿ ಡೆನ್ಮಾರ್ಕ್ ಕಾನೂನು ತಂದಿತು. ಟಿಕೆಟ್ ಏಜೆಂಟರ ಒಪ್ಪಂದಗಳಿಗೆಲ್ಲ ಕೋಪನ್‌ಹೇಗನ್ ಪೊಲೀಸರ ಒಪ್ಪಿಗೆ ಬೇಕಾಯಿತು. ಹೀಗೆ ಹುಟ್ಟಿದ ವಲಸಿಗರ ಪಟ್ಟಿ 1940ರವರೆಗೆ ಇದೆ. ಅದರ ಮೊದಲ ದಶಕಗಳದ್ದನ್ನು ಹೆಸರು ಹಾಕಿ ಆನ್‌ಲೈನಿನಲ್ಲಿ ಹುಡುಕಬಹುದು. ಹೆಸರು, ವಯಸ್ಸು, ಉದ್ಯೋಗ, ಕೊನೆಯ ವಾಸದ ಊರು, ಹೋಗುವ ಊರು, ನೋಂದಣಿಯ ತಾರೀಖು ಸಿಗುತ್ತವೆ. ಆಲ್‌ಬೋರ್ಗ್‌ನಲ್ಲಿರುವ ವಲಸಿಗರ ಆರ್ಕೈವ್ ಈ ವಿಷಯಕ್ಕೇ ಮೀಸಲಾದ ಸಂಸ್ಥೆ.

ಎಲ್ಲರೂ ಎಡವುವುದು 'ಕೊನೆಯ ವಾಸ' ಎಂಬ ಖಾನೆಯಲ್ಲಿ. ಅದು ಹುಟ್ಟೂರಲ್ಲ. ವಲಸೆ ಹೋದವರಲ್ಲಿ ಬಹಳಷ್ಟು ಮಂದಿ ಇಪ್ಪತ್ತರ ಆಸುಪಾಸಿನ ಕೂಲಿಯಾಳುಗಳು, ಮನೆಗೆಲಸದ ಹುಡುಗಿಯರು. ಮೇ 1, ನವೆಂಬರ್ 1 ಬಂತೆಂದರೆ ಕೆಲಸದ ಮನೆ ಬದಲಿಸುವ ದಿನ. ಕೊನೆಯ ವಾಸವೆಂದರೆ ಕೊನೆಯ ಯಜಮಾನನ ಮನೆ ಅಷ್ಟೇ. ಅಲ್ಲಿ ಹುಟ್ಟಿನ ದಾಖಲೆ ಹುಡುಕಿ 'ಇಲ್ಲ' ಎಂದು ಕೈ ಚೆಲ್ಲುವ ಬದಲು ಅಕ್ಕಪಕ್ಕದ ಪ್ಯಾರಿಷ್‌ಗಳಿಗೆ ಹೋಗಿ. 'ಕೋಪನ್‌ಹೇಗನ್‌ನವನು' ಎಂಬ ಮನೆಮಾತನ್ನೂ ಹೀಗೇ ನೋಡಬೇಕು. ಹಡಗು ಹತ್ತಿದ ಊರು ಎರಡು ತಲೆಮಾರಿನಲ್ಲಿ ಹುಟ್ಟೂರಾಗಿಬಿಡುತ್ತದೆ.

ಪಟ್ಟಿಯಲ್ಲಿ ಹೆಸರೇ ಇಲ್ಲವೆಂದರೆ ಜರ್ಮನಿಯ ಬಂದರಿನಲ್ಲಿ ಟಿಕೆಟ್ ಕೊಂಡಿರಬಹುದು, ನಾವಿಕನಾಗಿ ಹೋಗಿ ಇಳಿದುಬಿಟ್ಟಿರಬಹುದು. ಹ್ಯಾಂಬರ್ಗ್‌ನ ಪ್ರಯಾಣಿಕರ ಪಟ್ಟಿ 1850ರಿಂದ 1934ರವರೆಗೆ ಇದೆ. ಬಹಳ ಮಂದಿ ಇಂಗ್ಲೆಂಡಿನ ಹಲ್‌ನಲ್ಲಿಳಿದು ರೈಲಿನಲ್ಲಿ ಲಿವರ್‌ಪೂಲ್ ಸೇರಿ ಅಲ್ಲಿಂದ ಹಡಗು ಹಿಡಿದರು, ಹಾಗಾಗಿ ನ್ಯೂಯಾರ್ಕಿನ ಪಟ್ಟಿಯಲ್ಲಿ ಹೊರಟ ಬಂದರು ಲಿವರ್‌ಪೂಲ್ ಎಂದಿದ್ದರೆ ಗಾಬರಿಯಾಗಬೇಡಿ. ನ್ಯೂಯಾರ್ಕ್ ಬಂದರಿನ ವಲಸಿಗರ ತಪಾಸಣಾ ಕೇಂದ್ರ ಎಲ್ಲಿಸ್ ಐಲ್ಯಾಂಡ್ ತೆರೆದದ್ದು 1892ರ ಜನವರಿ 1ರಂದು. 1880ರಲ್ಲಿ ಬಂದ ಮುತ್ತಜ್ಜ 'ಎಲ್ಲಿಸ್ ಐಲ್ಯಾಂಡಿನಲ್ಲಿ ಹೆಸರು ಬದಲಿಸಿಕೊಂಡ' ಎಂಬ ಕಥೆಯನ್ನು ನಯವಾಗಿ ಬದಿಗಿಡಿ.

ಊರಿನ ಹೆಸರು ಬಿಡಿಸುವುದು

ಆಗಿನ ಆಡಳಿತದ ಏಣಿ ನಮ್ಮದರಂತೆಯೇ ಇತ್ತು: ಆಮ್ಟ್ ಎಂದರೆ ಜಿಲ್ಲೆ, ಹೆರ್ರೆಡ್ ತಾಲೂಕಿನ ಹಾಗೆ, ಅದರ ಕೆಳಗೆ ಸೋಗ್ನ್, ಅಂದರೆ ಪ್ಯಾರಿಷ್. ಚರ್ಚಿನ ಪುಸ್ತಕಗಳನ್ನು ಆನ್‌ಲೈನಿನಲ್ಲಿ ಜೋಡಿಸಿರುವುದು 1970ರ ಮರುವಿಂಗಡಣೆಗೆ ಮುಂಚಿನ ಆಮ್ಟ್‌ಗಳ ಪ್ರಕಾರ. ಇವತ್ತಿನ ಗೂಗಲ್ ನಕ್ಷೆಯ ಜಿಲ್ಲೆ ಹಿಡಿದು ಹೋದರೆ ಸಿಗುವುದಿಲ್ಲ.

ಅಮೆರಿಕದ ಗುಮಾಸ್ತ ಕಿವಿಗೆ ಕೇಳಿದಂತೆ ಬರೆದ. ಡೇನಿಷಿನಲ್ಲಿ 'ಹೆಚ್‌ಜೆ' ಎಂದು ಶುರುವಾದರೆ ಹೆಚ್ ಮೌನ, ಹಾಗಾಗಿ ಹ್ಯೋರಿಂಗ್ ಎಂಬ ಊರು 'ಯೋರಿಂಗ್' ಆಗಿರುತ್ತದೆ. ವೆಯ್ಲೆ ಎಂಬುದು 'ವೈಲಿ' ಆಗಿರುತ್ತದೆ. ಡೇನಿಷ್ ಅಕ್ಷರಮಾಲೆಯ ಕೊನೆಯ ಮೂರು ಅಕ್ಷರಗಳು ಎಂದರೆ ಎ-ಇ ಅಂಟಿಕೊಂಡದ್ದು, ಅಡ್ಡಗೀಟಿನ ಓ, ತಲೆಯ ಮೇಲೆ ಸೊನ್ನೆ ಹೊತ್ತ ಎ. ಪಟ್ಟಿಗಳಲ್ಲಿ ಇವು ಝೆಡ್ ಆದ ಮೇಲೆ ಬರುತ್ತವೆ. ಸೊನ್ನೆಯ ಎ ಅಧಿಕೃತವಾಗಿ ಬಂದದ್ದೇ 1948ರಲ್ಲಿ, ಅದಕ್ಕೆ ಮುಂಚೆ ಎರಡು ಎ ಬರೆಯುತ್ತಿದ್ದರು. ಒಂದು ಕಾಗುಣಿತದಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ.

ಒಂದೇ ಹೆಸರಿನ ಊರುಗಳೂ ಕಾಡುತ್ತವೆ. ನ್ಯೂಕೋಬಿಂಗ್ ಎಂಬ ಪಟ್ಟಣ ಫಾಲ್ಸ್ಟರ್ ದ್ವೀಪದಲ್ಲೊಂದು, ಮೋರ್ಸ್‌ನಲ್ಲೊಂದು, ಶೆಲಾಂಡ್‌ನಲ್ಲೊಂದು.

ದಕ್ಷಿಣ ಜಟ್‌ಲ್ಯಾಂಡಿನ ಕಥೆಯೇ ಬೇರೆ. 1864ರ ಯುದ್ಧದಲ್ಲಿ ಸೋತ ಮೇಲೆ ಶ್ಲೆಸ್ವಿಗ್ ಎಂದೂ ಕರೆಯುವ ಆ ಗಡಿಭಾಗ ಜರ್ಮನ್ ರಾಜ್ಯವಾದ ಪ್ರಷ್ಯಾದ ಪಾಲಾಗಿ, ಉತ್ತರದ ಪಟ್ಟಿ 1920ರಲ್ಲಿ ಮತ್ತೆ ಡೆನ್ಮಾರ್ಕಿಗೆ ಬಂತು. ಆ ಅವಧಿಯಲ್ಲಿ ಹೊರಟವರು, ಪ್ರಷ್ಯಾದ ಸೈನ್ಯಕ್ಕೆ ಸೇರಲು ಒಲ್ಲದ ಹುಡುಗರೂ ಸೇರಿ, ಅಮೆರಿಕದ ಕಾಗದಗಳಲ್ಲಿ ಒಂದು ಕಡೆ ಜರ್ಮನಿ, ಇನ್ನೊಂದು ಕಡೆ ಶ್ಲೆಸ್ವಿಗ್, ಮತ್ತೊಂದು ಕಡೆ ಡೆನ್ಮಾರ್ಕ್ ಎಂದು ಕಾಣುತ್ತಾರೆ. ಮೂರೂ ಒಬ್ಬನೇ ಆಗಿರಬಹುದು. ಅಲ್ಲಿ 1874ರ ಅಕ್ಟೋಬರ್ 1ರಿಂದ ಹುಟ್ಟು, ಮದುವೆ, ಸಾವುಗಳನ್ನು ಸರಕಾರಿ ಕಚೇರಿಯಲ್ಲಿ ಬರೆಸಬೇಕಿತ್ತು, ಚರ್ಚಿನ ಪುಸ್ತಕದ ಜೊತೆಗೆ ಅದನ್ನೂ ನೋಡಿ.

ಚರ್ಚಿನ ಪುಸ್ತಕ ತೆರೆದಾಗ

ರಿಗ್ಸ್‌ಆರ್ಕಿವೆಟ್ ಎಂಬ ರಾಷ್ಟ್ರೀಯ ದಾಖಲಾಲಯದ 'ಆರ್ಕಿವಾಲಿಯರ್ ಆನ್‌ಲೈನ್' ತಾಣದಲ್ಲಿ ಚರ್ಚಿನ ಪುಸ್ತಕ, ಜನಗಣತಿ ಎರಡರ ಚಿತ್ರಗಳೂ ಉಚಿತ. ಚರ್ಚಿನ ಪುಸ್ತಕಕ್ಕೆ ಕಿರ್ಕೆಬೋಗ್ ಎನ್ನುತ್ತಾರೆ. ಆಮ್ಟ್, ಸೋಗ್ನ್, ವರ್ಷ ಆರಿಸಿ. ಗಂಡುಮಕ್ಕಳ ಹುಟ್ಟು, ಹೆಣ್ಣುಮಕ್ಕಳ ಹುಟ್ಟು ಬೇರೆ ಬೇರೆ ಭಾಗದಲ್ಲಿರುತ್ತವೆ, ತಪ್ಪು ಭಾಗದಲ್ಲಿ ಅರ್ಧ ಗಂಟೆ ಕಳೆಯುವುದು ಎಲ್ಲರಿಗೂ ಆಗುವುದೇ.

1814ರಿಂದ ಈಚೆಗೆ ಅಚ್ಚಾದ ನಮೂನೆ ಬಂತು. ಒಂದು ಸಾಲನ್ನು ಎಡದಿಂದ ನೋಡುತ್ತಾ ಹೋಗೋಣ. ಮೊದಲು ಆ ವರ್ಷದ ಕ್ರಮಸಂಖ್ಯೆ, ಆಮೇಲೆ ಹುಟ್ಟಿದ ದಿನ, ಮಗುವಿನ ಹೆಸರು. ಮುಂದಿನ ಖಾನೆಯಲ್ಲಿ ಒಮ್ಮೊಮ್ಮೆ ಎರಡು ತಾರೀಖು ಇರುತ್ತವೆ: ಮಗು ಬದುಕುತ್ತದೋ ಇಲ್ಲವೋ ಎಂದು ಮನೆಯಲ್ಲೇ ಅವಸರದಲ್ಲಿ ಮಾಡಿದ ದೀಕ್ಷಾಸ್ನಾನ ಒಂದು, ಚರ್ಚಿಗೆ ತಂದು ತೋರಿಸಿದ ದಿನ ಇನ್ನೊಂದು. ಎರಡೂ ಹುಟ್ಟಿದ ದಿನವಲ್ಲ. ಆಮೇಲೆ ತಂದೆತಾಯಿಯ ಹೆಸರು, ಉದ್ಯೋಗ, ಮನೆ. 'ಗೋರ್ಡ್‌ಮಂಡ್' ಎಂದರೆ ಜಮೀನುಳ್ಳ ರೈತ, 'ಹೂಸ್‌ಮಂಡ್' ಎಂದರೆ ಗುಡಿಸಲು, ತುಂಡು ಹೊಲ ಇರುವವನು, 'ಇಂಡ್‌ಸಿಡರ್' ಎಂದರೆ ಬೇರೆಯವರ ಮನೆಯಲ್ಲಿ ಇದ್ದವನು. ಕೊನೆಗೆ ಸಾಕ್ಷಿಗಳು. ಮಗುವನ್ನು ಎತ್ತಿಕೊಂಡಿದ್ದ ಹೆಂಗಸು ಬಹುಶಃ ಚಿಕ್ಕಮ್ಮನೋ ಸೋದರತ್ತೆಯೋ, ಆ ಹೆಸರನ್ನು ಬಿಡದೆ ಬರೆದುಕೊಳ್ಳಿ. ತಾಯಿ ಮದುವೆಯಾಗಿರದಿದ್ದರೆ ಅವಳು ತಂದೆಯೆಂದು ಹೇಳಿದವನ ಹೆಸರೂ ಅಲ್ಲೇ ಇರುತ್ತದೆ.

ಅಕ್ಷರ ಓದಲು ಬರುವುದಿಲ್ಲ ಎಂಬುದು ಎಲ್ಲರ ಮೊದಲ ಗೋಳು. ಅದು ಗಾಥಿಕ್ ಕೈಬರಹ, ಸುಮಾರು 1875ರವರೆಗೆ ಸಾಮಾನ್ಯ. ಇ ಅಕ್ಷರ ಎನ್ ಹಾಗೆ ಕಾಣುತ್ತದೆ, ಯು ಮೇಲೆ ಒಂದು ಕೊಕ್ಕೆ ಇರುತ್ತದೆ, ಹೆಚ್ ಸಾಲಿನ ಮೇಲೂ ಕೆಳಗೂ ಸುತ್ತುತ್ತದೆ. ಇಡೀ ಅಕ್ಷರಮಾಲೆ ಕಲಿಯಲು ಕೂರಬೇಡಿ. ಪುಟದಲ್ಲಿ ಖಂಡಿತ ಇರುವ ಪದಗಳನ್ನು ಹಿಡಿಯಿರಿ: ಜೆನ್ಸೆನ್, ಹಾನ್ಸೆನ್, ತಿಂಗಳ ಹೆಸರು, ಆ ಪ್ಯಾರಿಷ್‌ನ ಹಳ್ಳಿಗಳು. ಆ ಪಾದ್ರಿ ಎಸ್, ಎನ್, ಇ ಹೇಗೆ ಬರೆಯುತ್ತಾನೆಂದು ಅವು ಹೇಳಿಕೊಡುತ್ತವೆ. '7ಬಿಆರ್' ಎಂದಿದ್ದರೆ ಜುಲೈ ಅಲ್ಲ, ಸೆಪ್ಟೆಂಬರ್. '8ಬಿಆರ್' ಅಕ್ಟೋಬರ್. ಲ್ಯಾಟಿನ್‌ನಲ್ಲಿ ಸೆಪ್ಟೆಮ್ ಎಂದರೆ ಏಳು, ಗೊಂದಲಕ್ಕೆ ಅದೇ ಕಾರಣ.

ಅದೇ ಪುಸ್ತಕದಲ್ಲಿ ದೃಢೀಕರಣದ ಭಾಗ ಸುಮಾರು ಹದಿನಾಲ್ಕನೆಯ ವಯಸ್ಸಿನದು. 1736ರಿಂದ ಕಡ್ಡಾಯ. ಅದರಲ್ಲಿ ಹುಡುಗನ ಹುಟ್ಟಿದ ದಿನ, ತಂದೆತಾಯಿ, ಸಿಡುಬಿನ ಲಸಿಕೆ ಹಾಕಿದ ದಿನ ಇರುತ್ತವೆ. ದುಡಿಯುವ ಪ್ಯಾರಿಷ್ ಗೊತ್ತಿದ್ದು ಹುಟ್ಟಿದ ಪ್ಯಾರಿಷ್ ಗೊತ್ತಿಲ್ಲದವರಿಗೆ ಇದು ಸೇತುವೆ. ಸುಮಾರು 1875ರವರೆಗೆ ಟಿಲ್‌ಗಾಂಗ್, ಅಫ್‌ಗಾಂಗ್ ಎಂಬ ಪಟ್ಟಿಗಳೂ ಇವೆ: ಪ್ಯಾರಿಷ್‌ಗೆ ಬಂದವರು, ಬಿಟ್ಟು ಹೋದವರು. ಅಫ್‌ಗಾಂಗ್‌ನಲ್ಲಿ 'ಅಮೆರಿಕಕ್ಕೆ' ಎಂದು ಸಿಕ್ಕರೆ ಅದೃಷ್ಟ. ಪಾದ್ರಿಗೆ ಹೇಳದೆ ಹೋದವರೇ ಹೆಚ್ಚು.

1814ರಿಂದ ಪ್ರತಿ ಪ್ಯಾರಿಷ್‌ಗೆ ಪುಸ್ತಕ ಎರಡು, ಪಾದ್ರಿಯದೊಂದು, ಚರ್ಚಿನ ಗುಮಾಸ್ತನದೊಂದು. ಬೆಂಕಿ ಬಿದ್ದರೆ ಎರಡೂ ಹೋಗದಿರಲಿ ಎಂದು ಒಂದೇ ಸೂರಿನಡಿ ರಾತ್ರಿ ಇಡಬಾರದೆಂಬ ನಿಯಮವೂ ಇತ್ತು. ಒಂದರಲ್ಲಿ ಶಾಯಿ ಚೆಲ್ಲಿದ್ದರೆ ಇನ್ನೊಂದನ್ನು ತೆರೆಯಿರಿ.

ಜನಗಣತಿ, ಸೈನ್ಯದ ಪಟ್ಟಿ

1787, 1801, 1834, 1840, 1845, 1850, 1855, 1860, 1870, 1880, 1890, 1901 — ಈ ವರ್ಷಗಳ ಗಣತಿಯಲ್ಲಿ ಮನೆಯ ಪ್ರತಿಯೊಬ್ಬರ ಹೆಸರೂ ಇದೆ. 1845ರಿಂದ ಹುಟ್ಟಿದ ಪ್ಯಾರಿಷ್ ಬರೆದಿದ್ದಾರೆ, 1901ರಿಂದ ಹುಟ್ಟಿದ ತಾರೀಖೂ ಇದೆ. 'ಹೆರ್ ಐ ಸೋಗ್ನೆಟ್' ಎಂದರೆ ಇದೇ ಪ್ಯಾರಿಷ್. 1787, 1801ರಲ್ಲಿ ಬರೆದ ವಯಸ್ಸು ತುಂಬಿದ್ದಲ್ಲ, ನಮ್ಮವರು 'ಮೂವತ್ತೆರಡು ನಡೀತಿದೆ' ಅನ್ನುತ್ತಾರಲ್ಲ, ಆ ಲೆಕ್ಕ. ಒಂದು ಕಳೆದುಕೊಳ್ಳಿ.

ಗಂಡಸರಿಗೆ ಲೆಗ್ಡ್ಸ್‌ರುಲ್ಲೆ ಎಂಬ ಸೈನ್ಯದ ಪಟ್ಟಿ ಇದೆ. 1788ರಿಂದ 1849ರವರೆಗೆ ರೈತರ ಗಂಡುಮಕ್ಕಳನ್ನು ಹುಟ್ಟಿದ ಕೂಡಲೇ ಇದರಲ್ಲಿ ಬರೆಯುತ್ತಿದ್ದರು. 1849ರಿಂದ ಎಲ್ಲ ವರ್ಗದವರನ್ನೂ ಹದಿನೈದನೆಯ ವಯಸ್ಸಿಗೆ, 1869ರಿಂದ ಹದಿನೇಳಕ್ಕೆ. ಪ್ರತಿ ಪಟ್ಟಿಯಲ್ಲಿ ಹೊಸ ಸಂಖ್ಯೆಯ ಪಕ್ಕ ಹಿಂದಿನ ಪಟ್ಟಿಯ ಸಂಖ್ಯೆ ಇರುತ್ತದೆ. ಅದನ್ನು ಹಿಡಿದು ಒಂದೊಂದೇ ಪಟ್ಟಿ ಹಿಂದಕ್ಕೆ ಹೋದರೆ ಅಪ್ಪನ ಹೆಸರು, ಹುಟ್ಟೂರಿಗೆ ಬಂದು ನಿಲ್ಲುತ್ತೀರಿ. ಸಂಖ್ಯೆಯ ಸರಪಳಿ ತುಂಡಾದರೆ ಹುಡುಗ ಬೇರೆ ಪ್ಯಾರಿಷ್‌ಗೆ ಹೋದ ಎಂದರ್ಥ. ನಡುವಿನ ವರ್ಷಗಳ ಪೂರಕ ಪಟ್ಟಿ ನೋಡಿ. ಕೊನೆಯ ಖಾನೆಯಲ್ಲಿ ಅಮೆರಿಕಕ್ಕೆ ಹೋದ ಟಿಪ್ಪಣಿಯೂ ಕೆಲವೊಮ್ಮೆ ಸಿಗುತ್ತದೆ.

ಏನೇ ಸಿಕ್ಕಲಿ, ಪ್ಯಾರಿಷ್, ಪುಸ್ತಕದ ವರ್ಷ, ಚಿತ್ರದ ಸಂಖ್ಯೆ, ಪುಟ, ಸಾಲಿನ ಕ್ರಮಸಂಖ್ಯೆ ಐದನ್ನೂ ಬರೆದಿಡಿ. ಚಿತ್ರದ ಸಂಖ್ಯೆಗೆ ಓಪ್‌ಸ್ಲಾಗ್ ಎನ್ನುತ್ತಾರೆ.

ಸಿಕ್ಕವನು ನಿಮ್ಮವನೇ ಹೌದೇ?

ಹೆಸರಿಡುವ ಪದ್ಧತಿ ಸ್ವಲ್ಪ ಸಹಾಯ ಮಾಡುತ್ತದೆ. ಮೊದಲ ಗಂಡುಮಗುವಿಗೆ ಹೆಚ್ಚಾಗಿ ಅಪ್ಪನ ಅಪ್ಪನ ಹೆಸರು. ಗಂಡ ಸತ್ತು ಹೆಂಗಸು ಮರುಮದುವೆಯಾದರೆ, ಆಮೇಲೆ ಹುಟ್ಟಿದ ಮೊದಲ ಗಂಡುಮಗುವಿಗೆ ಸತ್ತ ಗಂಡನ ಹೆಸರು. ಅಮೆರಿಕದ ಮಕ್ಕಳಲ್ಲೂ ಈ ಹೆಸರುಗಳು ಮರುಕಳಿಸಿದ್ದರೆ ಒಳ್ಳೆಯ ಸೂಚನೆ, ಆದರೆ ಸಾಕ್ಷಿಯಲ್ಲ.

ಸಾಕ್ಷಿ ಬೇಕೆಂದರೆ ಅವನನ್ನು ತಳ್ಳಿಹಾಕಲು ನೋಡಿ. ಅದೇ ಪ್ಯಾರಿಷ್‌ನ ಸಾವಿನ ಪುಟಗಳನ್ನು ಹುಟ್ಟಿದ ವರ್ಷದಿಂದ ಮುಂದಕ್ಕೆ ತಿರುವಿ. ಮಗು ತೀರಿಕೊಂಡರೆ ಮುಂದಿನ ಮಗುವಿಗೆ ಅದೇ ಹೆಸರಿಡುವುದು ಮಾಮೂಲು, ಹಾಗಾಗಿ ಒಂದೇ ತಂದೆತಾಯಿಗೆ ಇಬ್ಬರು ಹಾನ್ಸ್ ಇರಬಹುದು. ಆಮೇಲೆ ವಲಸೆ ಹೋದ ವರ್ಷದ ನಂತರದ ಗಣತಿ ತೆರೆಯಿರಿ. ನಿಮ್ಮ ಹಾನ್ಸ್ 1882ರಲ್ಲಿ ಅಮೆರಿಕದಲ್ಲಿದ್ದು, ನೀವು ಹಿಡಿದ ಹಾನ್ಸ್ 1890ರ ಗಣತಿಯಲ್ಲಿ ಹೆಂಡತಿ, ಮೂರು ಮಕ್ಕಳ ಜೊತೆ ಡೆನ್ಮಾರ್ಕಿನ ಹಳ್ಳಿಯಲ್ಲೇ ಕುಳಿತಿದ್ದರೆ ಅವನನ್ನು ಅಲ್ಲಿಯೇ ಬಿಟ್ಟು ಪಕ್ಕದ ಪ್ಯಾರಿಷ್‌ನ ಪುಸ್ತಕ ತೆರೆಯಿರಿ.